ಎಪ್ಪತ್ತಮೂರರ ಅಪ್ರಾಪ್ತ ಬಾಲಕ

ಸಿರಿಲ್ ಡಡ್ಡಿಂಗ್‌ಗೆ ಎಪ್ಪತ್ತಮೂರು ವರ್ಷ ಎಂಬುದನ್ನು ನಮ್ಮ ಸಾಲ್ಟ್‌ಬಿ ಊರಿನಲ್ಲಿ ಅನುಮಾನಿಸಿದವರಿರಲಿಲ್ಲ. ಅವನ ಮೊಣಕಾಲು ಒಪ್ಪಿತ್ತು, ಡಾಕ್ಟರು ಒಪ್ಪಿದ್ದರು, ಪಿಂಚಣಿ ಕಚೇರಿಯೂ ಒಪ್ಪಿತ್ತು. ಒಪ್ಪದೆ ಹೋದದ್ದು ಒಂದು ಯಂತ್ರ, ಅದೂ ಆಗಸ್ಟ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಒಂಬತ್ತೂಕಾಲಿಗೆ.

ಕಾರಣ ಬಸ್ ಪಾಸಿನಷ್ಟು ಸಣ್ಣದು. ನಿಜ ಹೇಳಬೇಕೆಂದರೆ ಅದು ಬಸ್ ಪಾಸೇ: ಮೂರು ವರ್ಷದ ಹಿಂದೆ ತೀರಿಕೊಂಡ ಅವನ ಹೆಂಡತಿ ಡೋರೀನಳದು, ವಯಸ್ಸಾದವರಿಗೆ ಪುಕ್ಕಟೆ ಕೊಡುವಂಥದು. ಅದರ ಮೇಲೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಫೋಟೋ. ಆ ಫೋಟೋದಲ್ಲಿ ಡೋರೀನ್ ಕುರಿ ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತಿದ್ದಳು. ಬದುಕಿದ್ದಾಗ ಆಕೆಯೇ ಹೇಳಿದ್ದಳು, ‘ನಾನು ಹೋದ್ಮೇಲೆ ಇದನ್ನ ಯಾರಿಗಾದ್ರೂ ತೋರಿಸಿದ್ರೆ ವಾಪಸ್ ಬರ್ತೀನಿ ನೋಡು’ ಅಂತ. ಆ ಆಸೆಯಿಂದಲೇ ಸಿರಿಲ್ ಅದನ್ನು ಒಂದೆರಡು ಸಲ ಅಂಚೆಯವನಿಗೆ ತೋರಿಸಿದ್ದ. ಆಕೆ ಬಂದಿರಲಿಲ್ಲ.

ಪಕ್ಕದ ಮನೆಯ ಮುರಿಯಲ್ ಸ್ಟಬ್ಸ್ ಪಾಸನ್ನು ಎರಡು ಬೆರಳಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ, ಮೇಜಿನ ಮೇಲೆ ಬೋರಲು ಹಾಕಿದಳು.

“ಇದನ್ನ ಬೋರ್ಡಿಗೆ ಹಾಕಕ್ಕಾಗಲ್ಲ, ಬಾತು. ಜನ ಅಲ್ಲಿ ಕೇಕ್ ತಿನ್ನಕ್ಕೆ ಬಂದಿರ್ತಾರೆ.”

ನಮ್ಮ ಲಿಂಕನ್‌ಶೈರ್ ಕಡೆ ಬೇಕಾದವರನ್ನು ಬಾತುಕೋಳಿ ಎಂದು ಕರೆಯುವುದು ರೂಢಿ. ಮುರಿಯಲ್ ಬೇಡವಾದವರನ್ನೂ ಹಾಗೆಯೇ ಕರೆಯುತ್ತಿದ್ದಳು. ಹಾಗಾಗಿ ಅವಳ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದು ಕಷ್ಟವಾಗಿತ್ತು.

ಬೋರ್ಡಿನ ವಿಷಯ ಇಷ್ಟು. ಊರಿನ ಹಳೆಯ ಟಿವೋಲಿ ಚಿತ್ರಮಂದಿರವನ್ನು ಸೋಮವಾರ ಕೆಡವುವವರಿದ್ದರು. ಅದಕ್ಕೆ ವಿದಾಯ ಹೇಳಲು ಮುರಿಯಲ್ ಮೆಥಡಿಸ್ಟ್ ಪಂಥದ ಚಾಪೆಲ್ಲಿನ ಸಭಾಂಗಣದಲ್ಲಿ ಸಂಜೆ ನಾಲ್ಕಕ್ಕೆ ಚಹಾಕೂಟ ಇಟ್ಟಿದ್ದಳು. ಅಲ್ಲೊಂದು ದೊಡ್ಡ ಬೋರ್ಡು. ರೀಲು ಓಡಿಸಿದವನಿಂದ ಹಿಡಿದು ಐಸ್‌ಕ್ರೀಮ್ ತಟ್ಟೆ ಹೊತ್ತವಳವರೆಗೆ ಟಿವೋಲಿಯಲ್ಲಿ ದುಡಿದ ಎಲ್ಲರ ಫೋಟೋ, ಕೆಳಗೆ ಒಂದೊಂದು ಸಾಲು. ಸಿರಿಲ್‌ನ ಸಾಲನ್ನು ಅವಳು ಆಗಲೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಳು: ‘ಸಿರಿಲ್ ಡಡ್ಡಿಂಗ್, ಬಾಗಿಲು ಕಾದವರು, 1972ರಿಂದ 1994. ಒಬ್ಬನೇ ಒಬ್ಬ ಅಪ್ರಾಪ್ತನೂ ಇವರನ್ನು ದಾಟಿ ಒಳಗೆ ಹೋಗಲಿಲ್ಲ.’ ಅದರ ಪಕ್ಕದಲ್ಲಿ ‘ಡೋರೀನ್ ಡಡ್ಡಿಂಗ್, ಟಿಕೆಟ್ ಕೊಟ್ಟವರು’ ಎಂಬ ಚೀಟಿ, ಅದರ ಮೇಲೆ ಖಾಲಿ ಚೌಕ.

ಆ ಚೌಕ ತುಂಬಬೇಕಾಗಿತ್ತು. ಮದುವೆಯ ಆಲ್ಬಮ್ಮನ್ನು ಎಪ್ಪತ್ತೆಂಟರ ಜನವರಿಯಲ್ಲಿ ಮನೆಯೊಳಗೆ ನುಗ್ಗಿದ ಸಮುದ್ರ ತೆಗೆದುಕೊಂಡು ಹೋಗಿತ್ತು. ಆಮೇಲೆ ಸಿರಿಲ್ ತಾನೇ ಹೆಂಡತಿಯ ಫೋಟೋ ತೆಗೆದದ್ದುಂಟು. ಅವುಗಳಲ್ಲೆಲ್ಲ ಅವನ ಹೆಬ್ಬೆರಳು ಬಹಳ ಸ್ಪಷ್ಟವಾಗಿ ಬಂದಿತ್ತು.

“ಅದಕ್ಕೇ ಹುಡುಕಿದೀನಿ,” ಎಂದು ಮುರಿಯಲ್ ತನ್ನ ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ನಿಲ್ಲಿಸಿದಳು. ಜಿಲ್ಲೆಯ ಹಳೆಯ ಫೋಟೋಗಳನ್ನೆಲ್ಲ ಯಾರೋ ಹವ್ಯಾಸಿಗಳು ಅಂತರ್ಜಾಲದಲ್ಲಿ ಇಟ್ಟಿದ್ದರು. ಪಟ್ಟಿಯಲ್ಲಿ ಒಂದು ಸಾಲು: ‘ಟಿವೋಲಿ ಮೂಲೆ, ಸಾಲ್ಟ್‌ಬಿ, 1974. ಬಾಗಿಲು ಕಾಯುವವನು ಮತ್ತು ಟಿಕೆಟ್ ಹುಡುಗಿ.’

ಟಿಕೆಟ್ ಹುಡುಗಿ. ಸಿರಿಲ್ ಕನ್ನಡಕ ಹಾಕಿಕೊಂಡು ಆ ಸಾಲಿನ ಮೇಲೆ ಬೆರಳಿಟ್ಟ. ಚಿತ್ರ ಬರಲಿಲ್ಲ. ಬೂದುಬಣ್ಣದ ಒಂದು ತೆರೆ ಬಂತು. ‘ಇದು ವಯಸ್ಕರಿಗೆ ಮಾತ್ರ. ನಿಮಗೆ ಹದಿನೆಂಟು ತುಂಬಿದೆ ಎಂದು ಸಾಬೀತುಪಡಿಸಿ.’

ಕಾರಣ ಟಿವೋಲಿಯ ಗೋಡೆಯ ಮೇಲಿನ ಭಿತ್ತಿಪತ್ರ. ಆ ವಾರ ಓಡುತ್ತಿದ್ದದ್ದು ‘ಹಾಲಿನವನ ಎರಡನೇ ಸುತ್ತು’ ಎಂಬ ಎಕ್ಸ್ ಪ್ರಮಾಣಪತ್ರದ, ಅಂದರೆ ಹದಿನೆಂಟು ತುಂಬಿದವರಿಗೆ ಮಾತ್ರವಾದ ಹಾಸ್ಯ ಚಿತ್ರ. ಅದರ ಭಿತ್ತಿಪತ್ರದಲ್ಲಿ ಟವೆಲ್ಲು ಸುತ್ತಿಕೊಂಡ ಒಬ್ಬ ಹೆಂಗಸು, ಟವೆಲ್ಲಿಗೂ ಹಾಲಿನವನಿಗೂ ನಡುವೆ ಮೂರು ಸೀಸೆ ಹಾಲು. ಇವತ್ತು ನಮ್ಮ ಕಡಲ ದಂಡೆಯಲ್ಲಿ ಅಜ್ಜಿಯಂದಿರು ಅದಕ್ಕಿಂತ ಕಡಿಮೆ ಬಟ್ಟೆಯಲ್ಲಿ ಬಿಸಿಲು ಕಾಯಿಸುತ್ತಾರೆ. ಆದರೆ ಜುಲೈ ಕೊನೆಗೆ ಹೊಸ ಕಾನೂನು ಜಾರಿಗೆ ಬಂದಿತ್ತು; ಮಕ್ಕಳ ಕಣ್ಣಿಗೆ ಬೀಳಬಾರದ್ದನ್ನು ಇಟ್ಟವರು ಬಾಗಿಲಲ್ಲಿ ವಯಸ್ಸು ಕೇಳಲೇಬೇಕು, ಇಲ್ಲದಿದ್ದರೆ ಭಾರೀ ದಂಡ. ಹವ್ಯಾಸಿಗಳು ಹೆದರಿ, ಟವೆಲ್ಲು ಕಂಡ ಕಡೆಯೆಲ್ಲ ಬೀಗ ಹಾಕಿದ್ದರು.

ಆ ಕಾನೂನನ್ನು ಊರಲ್ಲಿ ಎಲ್ಲರಿಗಿಂತ ಜೋರಾಗಿ ಹೊಗಳಿದವನು ಸಿರಿಲ್ಲೇ. ಹಿಂದಿನ ವಾರ ಮುರಿಯಲ್‌ಳ ಗಂಡ ವಾಲ್ಟರ್‌ಗೆ ಬೇಲಿಯಾಚೆಯಿಂದ ಹೇಳಿದ್ದ: ಕೊನೆಗೂ ಸರ್ಕಾರಕ್ಕೆ ಬುದ್ಧಿ ಬಂತು, ಯಾವ ಬಾಗಿಲಿಗೇ ಆಗಲಿ ಒಬ್ಬ ನಿಲ್ಲಬೇಕು.

ಟಿವೋಲಿಯ ಬಾಗಿಲಲ್ಲಿ ಮೊದಲ ಸಲ ನಿಂತಾಗ ಅವನಿಗೆ ಇಪ್ಪತ್ತು. ಆರನೇ ವಯಸ್ಸಿನಲ್ಲಿ ಬಂದ ಒಂದು ಜ್ವರ ಅವನ ಹುಬ್ಬು, ರೆಪ್ಪೆಗಳನ್ನೂ ಮುಂದೆ ಬರಬೇಕಿದ್ದ ಗಡ್ಡ ಮೀಸೆಗಳನ್ನೂ ಒಟ್ಟಿಗೇ ಒಯ್ದಿತ್ತು. ಮುಖ ಬೇಯಿಸಿ ಸುಲಿದ ಮೊಟ್ಟೆಯ ಹಾಗೆ ನುಣ್ಣಗೆ ಉಳಿಯಿತು. ಅಂಥ ಮುಖ ಇಟ್ಟುಕೊಂಡು ಹುಡುಗರನ್ನು ತಡೆಯುವುದು ಹೇಗೆ? ಟಿಕೆಟ್ ಗೂಡಿನ ಡೋರೀನ್ ಪ್ರತಿ ಶನಿವಾರ ಅಂಟಿನ ಸೀಸೆ ತಂದು ಅವನಿಗೊಂದು ಮೀಸೆ ಅಂಟಿಸುತ್ತಿದ್ದಳು. ಅಂಟು ಒಣಗುವವರೆಗೆ ಎರಡು ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಬೇಕಿತ್ತು. ಅವರಿಬ್ಬರ ನಂಟು ಶುರುವಾದದ್ದು ಆ ಅಂಟಿನಿಂದ.

ಹುಡುಗರನ್ನು ಹಿಡಿಯಲು ಸಿರಿಲ್‌ಗೆ ಅವನದೇ ಒಂದು ವಿಧಾನವಿತ್ತು. ಸುಳ್ಳು ಜನ್ಮವರ್ಷವನ್ನು ಯಾರು ಬೇಕಾದರೂ ಬಾಯಿಪಾಠ ಮಾಡಿಕೊಂಡು ಬರಬಹುದು. ಅವನು ಅದನ್ನು ಕೇಳುತ್ತಲೇ ಇರಲಿಲ್ಲ. ‘ಹನ್ನೊಂದರ ಪರೀಕ್ಷೆ ಯಾವ ವರ್ಷ ಬರೆದೆ?’ ಎನ್ನುತ್ತಿದ್ದ. ನಮ್ಮಲ್ಲಿ ಹನ್ನೊಂದನೇ ವಯಸ್ಸಿಗೆ ಒಂದು ಪರೀಕ್ಷೆ. ಪಾಸಾದವರಿಗೆ ದೊಡ್ಡ ಶಾಲೆ, ಉಳಿದವರಿಗೆ ಉಳಿದದ್ದು. ಆ ವರ್ಷವನ್ನು ಯಾರೂ ಸಾಯುವವರೆಗೆ ಮರೆಯುವುದಿಲ್ಲ. ನಿಜವಾಗಿ ಹದಿನೆಂಟಾದವನು ಥಟ್ಟನೆ ಹೇಳುತ್ತಾನೆ, ಕಣ್ಣು ನೇರ ಇರುತ್ತದೆ. ಹದಿನೈದರವನು ಮನಸ್ಸಿನಲ್ಲೇ ಕೂಡಿಸಿ ಕಳೆಯಬೇಕು. ಆಗ ಕಣ್ಣು ಒಂದು ಕ್ಷಣ ಮೇಲಕ್ಕೆ ಹೋಗಿ ಬರುತ್ತದೆ. ನೆನಪು ಮುಂದೆ ನೋಡುತ್ತದೆ, ಲೆಕ್ಕ ಮೇಲೆ ನೋಡುತ್ತದೆ. ಕಣ್ಣು ಮೇಲೆ ಹೋಯಿತೋ, ಸಿರಿಲ್‌ನ ಬಿಳಿ ಕೈಗವಸಿನ ಬೆರಳು ಬೀದಿಯ ಕಡೆ ತಿರುಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಬೆರಳು ಒಮ್ಮೆಯೂ ತಪ್ಪಲಿಲ್ಲ ಎಂಬುದು ಅವನ ಬದುಕಿನ ಒಂದೇ ಹೆಮ್ಮೆ.

ಆಟ ಮುಗಿದ ಮೇಲೆ ಇಬ್ಬರೂ ಸಮುದ್ರದ ಪಕ್ಕದ ದಾರಿಯಲ್ಲಿ ಮನೆಗೆ ನಡೆಯುತ್ತಿದ್ದರು. ಶನಿವಾರಗಳಂದು ಡೋರೀನಳ ಕೋಟಿನ ಜೇಬಿನಲ್ಲಿ ಪೇರ್ ಮಿಠಾಯಿಗಳಿರುತ್ತಿದ್ದವು: ಪೇರ್ ಹಣ್ಣಿನ ಆಕಾರ, ಅರ್ಧ ಗುಲಾಬಿ, ಅರ್ಧ ಹಳದಿ, ಉಗುರುಬಣ್ಣದಂಥ ತೀಕ್ಷ್ಣ ವಾಸನೆಯವು. ‘ನಿನಗೋಸ್ಕರ’ ಎನ್ನುತ್ತಿದ್ದಳು. ಮದುವೆಯಾಗುತ್ತೀಯಾ ಎಂದು ಅವನು ಕೇಳಿದ್ದು ಬಾಯಲ್ಲೊಂದು ಪೇರ್ ಮಿಠಾಯಿ ಇಟ್ಟುಕೊಂಡೇ. ಆಕೆಗೆ ಸರಿಯಾಗಿ ಕೇಳಿಸದೆ ಎರಡು ಸಲ ಕೇಳಬೇಕಾಯಿತು.

ಈಗ ಟ್ಯಾಬ್ಲೆಟ್ಟಿನ ಎದುರು ಅವನು ಅದೇ ಹಳೆಯ ಠೀವಿಯಿಂದ ಕೂತ. ಪಾಸ್‌ಪೋರ್ಟ್ ಇತ್ತೆ? ಇರಲಿಲ್ಲ, ದೋಣಿ ಹತ್ತಿದರೆ ವಾಂತಿ. ವಾಹನ ಪರವಾನಗಿ? ಅವನದು ಸೈಕಲ್ಲು. ಕ್ರೆಡಿಟ್ ಕಾರ್ಡು? ಸಾಲ ಅವನ ಮನೆತನದಲ್ಲೇ ಇಲ್ಲ. ವಯಸ್ಸಾಗಿದೆ ಎಂದು ಸರ್ಕಾರವೇ ಬರೆದುಕೊಟ್ಟ ಅವನದೇ ಒಂದು ಬಸ್ ಪಾಸು ಇತ್ತು. ಯಂತ್ರ ಅದನ್ನು ಮುಟ್ಟಲಿಲ್ಲ. ಉಳಿದದ್ದು ಒಂದೇ ದಾರಿ: ಕ್ಯಾಮೆರಾಕ್ಕೆ ಮುಖ ತೋರಿಸುವುದು. ಮುಖ ನೋಡಿ ವಯಸ್ಸು ಅಂದಾಜು ಮಾಡುವುದು ಅದರ ಕೆಲಸ.

ಯಂತ್ರ ಸ್ವಲ್ಪ ಹೊತ್ತು ಯೋಚಿಸಿತು. ‘ನಿಮ್ಮ ಅಂದಾಜು ವಯಸ್ಸು ಹದಿನೈದು. ದಯವಿಟ್ಟು ನಿಮ್ಮ ತಂದೆ ತಾಯಿಯರೊಂದಿಗೆ ಮಾತನಾಡಿ.’

ಅವರಿಬ್ಬರೂ ಚರ್ಚಿನ ಹಿಂದೆ ಮಣ್ಣಾಗಿ ಮೂವತ್ತು ವರ್ಷವಾಗಿತ್ತು. ಯಂತ್ರ ತಪ್ಪುವುದು ಸಾವಿರಕ್ಕೆ ಒಂದು ಸಲ ಮಾತ್ರ ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದಿತ್ತು. ಅದು ಸುಳ್ಳಲ್ಲ. ಆ ಒಂದು ನಮ್ಮ ಬೀದಿಯಲ್ಲಿತ್ತು, ಅಷ್ಟೆ.

“ಮುರಿಯಲ್, ನೀನೇ ಒಂದ್ಸಲ ಮುಖ ತೋರಿಸ್ಬಾರ್ದಾ?”

“ನಾನಾ?” ಮುರಿಯಲ್ ಹಿಂದಕ್ಕೆ ಸರಿದಳು. “ಬಾತು, ನಾನು ಚಾಪೆಲ್ಲಿನ ಕಾರ್ಯದರ್ಶಿ. ಅಂಥಾ ಜಾಗದಲ್ಲೆಲ್ಲ ನನ್ನ ಮುಖ ಬಿಟ್ಟು ಬರಕ್ಕಾಗತ್ತಾ? ವಾಲ್ಟರ್‌ದೂ ಕೊಡಲ್ಲ.”

ವಾಲ್ಟರ್ ಮಾತು ಕಡಿಮೆಯ ಮನುಷ್ಯ, ದೊಡ್ಡ ಕಿವಿಯವನು. ಬಾಗಿಲಿಗೆ ಒರಗಿ ನಿಂತಿದ್ದವನು ಆ ಬೆಳಿಗ್ಗೆ ಮೊದಲ ಬಾರಿಗೆ ಬಾಯಿ ತೆರೆದು, “ಬಿಟ್ಬಿಡು ಸಿರಿಲ್. ಬಸ್ ಪಾಸೇ ಚೆನ್ನಾಗಿದೆ,” ಎಂದ. ಹೆಂಡತಿ ಅವನ ಕಡೆ ನೋಡಿದಳು.

ಮುರಿಯಲ್ ಬಿಡುವವಳಲ್ಲ. ಹುಬ್ಬಿಗೆ ಹಚ್ಚುವ ಪೆನ್ಸಿಲ್ ತಂದು ಸಿರಿಲ್‌ನ ಹಣೆಯ ಮೇಲೆ ಮೂರು ಗೆರೆ, ಬಾಯಿಯ ಇಕ್ಕೆಲದಲ್ಲಿ ಒಂದೊಂದು, ಕಣ್ಣಿನ ಬದಿಗೆ ಕೋಳಿ ಕಾಲಿನಂಥ ಗುರುತು ಎಳೆದಳು. ಹುಬ್ಬನ್ನೂ ಬರೆದಳು, ಒಂದು ಸ್ವಲ್ಪ ಮೇಲಾಗಿ, ಅವನು ಏನನ್ನೋ ನಂಬಲಾರದವನ ಹಾಗೆ ಕಂಡ. ಯಂತ್ರ ಮತ್ತೆ ಯೋಚಿಸಿತು. ಹದಿನಾರು.

“ಅರ್ಧ ಗಂಟೇಲಿ ಒಂದು ವರ್ಷ,” ಎಂದ ವಾಲ್ಟರ್. “ಹಿಂಗೇ ಹೋದ್ರೆ ಊಟದ ಹೊತ್ತಿಗೆ ಮೀಸೆ ಬರತ್ತೆ.”

ಇಷ್ಟರಲ್ಲಿ ಕಿಟಕಿ ಒರೆಸುವವನು ಏಣಿಯ ಮೇಲಿಂದ ಏನು ನಡೀತಿದೆ ಎಂದು ಕೇಳಿದ. ಮುರಿಯಲ್ ಗಾಜಿನಾಚೆಗೆ ಕೇಳುವಂತೆ, ಸಿರಿಲ್ ದೊಡ್ಡವರ ತಾಣಕ್ಕೆ ಹೋಗಬೇಕಂತೆ, ಒಳಗೆ ಬಿಡ್ತಿಲ್ಲ ಎಂದಳು. ಕಿಟಕಿ ಒರೆಸುವವನು ಆ ದಿನ ಇನ್ನೂ ಹದಿನೇಳು ಮನೆಗೆ ಹೋಗುವವನಿದ್ದ.

ಗ್ರಂಥಾಲಯದ ಕಂಪ್ಯೂಟರಿಗೆ ಕ್ಯಾಮೆರಾ ಇಲ್ಲ, ಅದು ಮುಖ ಕೇಳಲಾರದು ಎಂದು ಸಿರಿಲ್‌ಗೆ ಹೊಳೆಯಿತು. ಹನ್ನೊಂದಕ್ಕೆ ಅಲ್ಲಿದ್ದ. ಮುಖದ ಮೇಲಿನ ಗೆರೆಗಳನ್ನು ತೊಳೆಯುವುದು ಮರೆತುಹೋಗಿತ್ತು. ಮೇಜಿನ ಹಿಂದಿದ್ದ ಹೇಝಲ್ ಪಿಂಡರ್, ಊರಿನ ಮುದುಕರಿಗೆಲ್ಲ ಮರೆತ ಪಾಸ್‌ವರ್ಡ್ ಹುಡುಕಿಕೊಡುವ ತಾಳ್ಮೆಯ ಹುಡುಗಿ, ಅವನನ್ನು ನೋಡಿ ಒಂದು ಕ್ಷಣ ತಡೆದು, ಏನು ಬೇಕಿತ್ತು ಎಂದಳು.

“ಒಂದು ಚಿತ್ರ ನೋಡ್ಬೇಕಿತ್ತಮ್ಮ. ಅದು... ವಯಸ್ಕರದ್ದು. ಮನೇಲಿ ಬಿಡ್ತಿಲ್ಲ.”

“ಅಂಥಾದ್ದೆಲ್ಲ ಇಲ್ಲಿ ಬರಲ್ಲ, ಡಡ್ಡಿಂಗ್ ಅವರೇ. ತಡೆ ಹಾಕಿದೀವಿ.”

“ಅಯ್ಯೋ, ನೀನು ತಿಳ್ಕೊಂಡಂಥಾದ್ದಲ್ಲ. ನನ್ನ ಹೆಂಡತೀದು.”

ಅವನ ಹಿಂದೆ ಸಾಲಿನಲ್ಲಿ ನಾಲ್ವರಿದ್ದರು. ಇಂಥ ಹೊತ್ತಿನಲ್ಲಿ ನಮ್ಮ ಜನ ಏನೂ ಕೇಳಿಸಲಿಲ್ಲವೆಂದು ತೋರಿಸಲು ಏನು ಮಾಡುತ್ತಾರೋ ಆ ನಾಲ್ವರೂ ಅದನ್ನೇ ಮಾಡಿದರು: ಒಟ್ಟಿಗೆ ಮಳೆಯ ಬಗ್ಗೆ ಮಾತಾಡಲು ಶುರುಮಾಡಿದರು.

ಹಳೆಯ ಕಾಲದ್ದು ಎಂದು ತಿಳಿಸಿದರೆ ವಿಷಯಕ್ಕೆ ಸ್ವಲ್ಪ ಗೌರವ ಬಂದೀತು ಎಂದು ಸಿರಿಲ್‌ಗೆ ಅನ್ನಿಸಿತು.

“ಎಪ್ಪತ್ತನಾಲ್ಕರದ್ದು. ಆಗ ಅವಳು ಅಲ್ಲೇ ಕೆಲಸ ಮಾಡ್ತಿದ್ಲು. ಶನಿವಾರ ಬಹಳ ಜನ ಬರೋರು.”

ಮಳೆಯ ಮಾತು ನಿಂತಿತು. ಹೇಝಲ್ ಬಹಳ ಮೆತ್ತಗೆ ಡ್ರಾಯರ್ ಎಳೆದು, ‘ಒಂಟಿತನ: ನೀವು ಒಬ್ಬರೇ ಅಲ್ಲ’ ಎಂಬ ಕರಪತ್ರವನ್ನು ಮಡಚಿ ಅವನ ಕೈಯಲ್ಲಿಟ್ಟಳು. ಹೊರಗೆ ಹೋಗುವಾಗ ಬಾಗಿಲ ಗಾಜಿನಲ್ಲಿ ಅವನಿಗೆ ತನ್ನ ಹುಬ್ಬುಗಳು ಕಂಡವು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಅವನಿಗಿಂತ ಮೊದಲೇ ಎಲ್ಲ ಕಡೆ ತಲುಪಿ ಅವನಿಗಾಗಿ ಕಾಯುತ್ತಿತ್ತು. ಮೀನು ಕರಿಯುವ ಅಂಗಡಿಯವನು ಆಲೂಗಡ್ಡೆ ಚಿಪ್ಸನ್ನು ಎಂದಿಗಿಂತ ಹೆಚ್ಚು ಹಾಕಿ, ಮುಖ ನೋಡದೆ ಪೊಟ್ಟಣ ಕೊಟ್ಟ. ಪಾದ್ರಿಗಳು ರಸ್ತೆಯ ಆ ಬದಿಯಿಂದ ಈ ಬದಿಗೆ ದಾಟಿ ಬಂದು ಭುಜ ಒತ್ತಿ ಹೋದರು. ಮೂರೂವರೆಗೆ ಚಿತ್ರ ಬೋರ್ಡಿನ ಮೇಲಿರಬೇಕು ಎಂದು ಮುರಿಯಲ್ ಹೇಳಿದ್ದಳು. ಇಲ್ಲದಿದ್ದರೆ ಬಸ್ ಪಾಸು. ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಸಿರಿಲ್ ಜನರಿಲ್ಲದ ಕಡೆ ಹೋಗೋಣವೆಂದು ದಂಡೆಗೆ ಇಳಿದ.

ಅಲ್ಲಿ ನೆವಿಲ್ ಗ್ರೈಸ್ ಇದ್ದ, ಅವನ ಆರು ಕತ್ತೆಗಳಿದ್ದವು. ಮಕ್ಕಳಿಗೆ ದಂಡೆಯುದ್ದಕ್ಕೂ ಕತ್ತೆ ಸವಾರಿ ಮಾಡಿಸುವುದು ನೆವಿಲ್‌ನ ಕಸುಬು. ಅವನಿಗೆ ಅರವತ್ತಾರೇ ಆದರೂ ಐವತ್ತು ವರ್ಷದ ಉತ್ತರ ಸಮುದ್ರದ ಗಾಳಿ ಅವನ ಮುಖದ ಮೇಲೆ ಬರೆಯಬೇಕಾದ್ದನ್ನೆಲ್ಲ ಬರೆದು, ಜಾಗ ಸಾಲದೆ ಕುತ್ತಿಗೆಗೆ ಇಳಿದಿತ್ತು. ಪಕ್ಕದಲ್ಲಿ ಅವನ ಫಲಕ: ‘ಹದಿನಾರು ವರ್ಷದೊಳಗಿನವರಿಗೆ ಮಾತ್ರ.’

“ಕೇಳ್ದೆ, ಡಡ್ಡಿಂಗ್ ಸಾರ್,” ಎಂದ ನೆವಿಲ್. ಟಿವೋಲಿಯ ಬಾಗಿಲಲ್ಲಿ ಬೈಸಿಕೊಂಡ ಹುಡುಗರು ಮುದುಕರಾದರೂ ಅವನನ್ನು ಸಾರ್ ಎಂದೇ ಕರೆಯುತ್ತಿದ್ದರು. “ಹದಿನೈದಂತಲ್ಲ ನೀವು.”

“ಬೆಳಿಗ್ಗೆ ಹದಿನೈದು. ಈಗ ಹದಿನಾರು.”

“ಛೆ. ಸ್ವಲ್ಪದರಲ್ಲಿ ತಪ್ಪೋಯ್ತು. ಬೆಳಿಗ್ಗೇನೇ ಬಂದಿದ್ರೆ ಡಚೆಸ್ ಮೇಲೆ ಒಂದು ಸುತ್ತು ಹೊಡೆಸ್ತಿದ್ದೆ.”

ಡಚೆಸ್ ಎಂಬ ಮುದಿ ಕತ್ತೆ ಸಿರಿಲ್‌ನ ಕೈಯಲ್ಲಿದ್ದ ಪೊಟ್ಟಣದ ಕಡೆ ಕತ್ತು ಚಾಚಿತು. ಸಿರಿಲ್ ಅದಕ್ಕೊಂದು ಚಿಪ್ಸ್ ಕೊಟ್ಟ, ಆಮೇಲೆ ಮರಳ ಮೇಲೆ ಕೂತು ನಡೆದದ್ದನ್ನೆಲ್ಲ ಮೊದಲಿಂದ ಹೇಳಿದ. ಆ ದಿನ ಅವನ ಮಾತನ್ನು ಕೊನೆಯವರೆಗೆ ಕೇಳಿದವನು ನೆವಿಲ್ ಒಬ್ಬನೇ. ಡೋರೀನಳ ಖಾಲಿ ಚೌಕದ ಮಾತು ಬಂದಾಗ ನೆವಿಲ್ ಟೋಪಿ ತೆಗೆದು ಹಿಡಿದುಕೊಂಡ.

“ನನ್ನ ಮುಖ ತಗೊಳ್ಳಿ ಸಾರ್, ಫೋನೂ ಇದೆ. ಆದ್ರೆ ಒಂದು ಷರತ್ತು. ನನ್ನನ್ನ ಹನ್ನೊಂದು ಸಲ ವಾಪಸ್ ಕಳಿಸಿದೀರಿ. ಇವತ್ತು ಒಂದ್ಸಲ ಸರಿಯಾಗಿ ಕೇಳಿ. ಆಮೇಲೆ ‘ಒಳಗೆ ಹೋಗಿ ಸಾರ್’ ಅನ್ನಿ.”

ಸಿರಿಲ್ ಎದ್ದು ನಿಂತ. ಮರಳು ಕೊಡವಿಕೊಂಡ. ಬೆನ್ನು ನೆಟ್ಟಗಾಯಿತು, ಗದ್ದ ಮೇಲೆ ಬಂತು. ಕೈಗವಸಿಲ್ಲದ ಬೆರಳು ತಾನಾಗಿ ಸಿದ್ಧವಾಯಿತು.

“ಹನ್ನೊಂದರ ಪರೀಕ್ಷೆ ಯಾವ ವರ್ಷ ಬರೆದೆ?”

“ಎಪ್ಪತ್ತು. ಫೇಲು.”

ಕಣ್ಣು ನೇರ ಇತ್ತು.

“ಒಳಗೆ ಹೋಗಿ ಸಾರ್,” ಎಂದ ಸಿರಿಲ್.

ನೆವಿಲ್ ಸಮುದ್ರದ ಕಡೆ ತಿರುಗಿ ಮೂಗು ಒರೆಸಿಕೊಂಡು, ಫೋನನ್ನು ಮುಖದ ಮುಂದೆ ಹಿಡಿದ. ಅದೇ ಕ್ಷಣಕ್ಕೆ ಡಚೆಸ್ ಚಿಪ್ಸಿನ ಆಸೆಗೆ ಅವನ ಭುಜದ ಮೇಲಿಂದ ತಲೆ ಹಾಕಿತು. ಯಂತ್ರ ಒಂದಿಷ್ಟೂ ಯೋಚಿಸದೆ ಹಸಿರು ಗುರುತು ತೋರಿಸಿ ಸ್ವಾಗತಿಸಿತು. ಅದು ಒಪ್ಪಿದ್ದು ಯಾರ ಮುಖವನ್ನು ಎಂಬ ವಾದ ನಮ್ಮೂರಿನಲ್ಲಿ ಇನ್ನೂ ಮುಗಿದಿಲ್ಲ.

ಚಿತ್ರ ಬಂತು.

ಪತ್ರಿಕೆಯ ಯಾರೋ ಛಾಯಾಗ್ರಾಹಕ ರಸ್ತೆಯಾಚೆಯ ಮೂಲೆಯಿಂದ ತೆಗೆದದ್ದು. ಬಲಗಡೆ ಟಿವೋಲಿಯ ಮುಂಬಾಗಿಲು. ಅದರಲ್ಲಿ ಹೊಳೆಯುವ ಗುಂಡಿಯ ಕೋಟು ತೊಟ್ಟು, ಮೀಸೆ ಅಂಟಿಸಿಕೊಂಡು, ದೀಪದ ಕಂಬದಂತೆ ನಿಂತು ನೇರ ಮುಂದೆ ನೋಡುತ್ತಿರುವ ಇಪ್ಪತ್ತೆರಡರ ಸಿರಿಲ್. ನಡುವೆ ಮೂಲೆಯ ಗೋಡೆ, ಟವೆಲ್ಲಿನ ಹೆಂಗಸು. ಎಡಗಡೆ, ಸಿರಿಲ್ ನಿಂತಲ್ಲಿಂದ ಯಾವ ಕಾಲಕ್ಕೂ ಕಾಣದ ಓಣಿಯಲ್ಲಿ, ಚಿತ್ರಮಂದಿರದ ಪಕ್ಕದ ಬಾಗಿಲು. ಅದನ್ನು ಒಂದು ಕಾಲಿನಿಂದ ತಡೆದು ಹಿಡಿದು, ಗೋಡೆಗೆ ಒರಗಿ, ತುಟಿಯ ಮೇಲೆ ಬೆರಳಿಟ್ಟು ಕ್ಯಾಮೆರಾದ ಕಡೆ ನೋಡಿ ನಗುತ್ತಿದ್ದಾಳೆ ಡೋರೀನ್. ಹಣೆಯ ಮೇಲೊಂದು ಗುಂಗುರು ಕೂದಲು ಜಾರಿದೆ. ಇಪ್ಪತ್ತು ವರ್ಷ, ಇಡೀ ಮುಖದಲ್ಲಿ ನಗು. ಅವಳ ಪಕ್ಕದಲ್ಲಿ ಐವರು ಹುಡುಗರು ಒಳಗೆ ಹೋಗುತ್ತಿದ್ದಾರೆ. ಕದ್ದು ನುಗ್ಗುವಾಗಲೂ ನಮ್ಮ ಹುಡುಗರು ಸಾಲಿನಲ್ಲೇ ನಿಂತಿದ್ದರು.

ಸಿರಿಲ್ ಕನ್ನಡಕ ಒರೆಸಿ ಹಾಕಿಕೊಂಡು ಮತ್ತೆ ನೋಡಿದ.

“ಅದು ಬೆಂಕಿ ಬಿದ್ದಾಗ ಹೊರಗೆ ಬರೋ ಬಾಗಿಲು,” ಎಂದ ಕೊನೆಗೆ. “ಅದರಲ್ಲಿ ಒಳಗೆ ಹೋಗೋ ಹಾಗಿಲ್ಲ.”

“ಹೌದು ಸಾರ್.”

“ಎಷ್ಟು ಸಲ?”

“ಹನ್ನೊಂದು ಸಲಾನೂ.” ನೆವಿಲ್ ಮರಳಲ್ಲಿ ಬೂಟಿನ ತುದಿಯಿಂದ ಗೀಚಿದ. “ನೇರವಾಗಿ ಬಂದ್ರೆ ಅವರು ಬಿಡ್ತಿರ್ಲಿಲ್ಲ. ‘ಮೊದಲು ಮುಂದ್ಗಡೆ ಹೋಗಿ ಅವನ ಹತ್ರ ಬೈಸ್ಕೊಂಡು ಬನ್ನಿ, ಪಾಪ, ಅವನ ಕೆಲಸ ಅದು’ ಅನ್ನೋರು. ಆಮೇಲೆ ಇಲ್ಲಿ ಟಿಕೆಟ್ ಹರಿದುಕೊಡೋರು. ಅದರ ಮೇಲೆ ನಾವು ತಲೆಗೊಂದು ಪೇರ್ ಮಿಠಾಯಿ ಅವರಿಗೆ ಕೊಡ್ಬೇಕಿತ್ತು. ‘ನಮ್ಮ ಸಿರಿಲ್‌ಗೆ ಇಷ್ಟ’ ಅಂತ.”

ಸಿರಿಲ್‌ನ ಕಣ್ಣು ಬದುಕಿನಲ್ಲಿ ಮೊದಲ ಬಾರಿಗೆ ಮೇಲಕ್ಕೆ ಹೋಯಿತು. ಅಲ್ಲಿ ಕಡಲಹಕ್ಕಿಗಳ ನಡುವೆ ಅವನು ಲೆಕ್ಕ ಮಾಡುತ್ತಿದ್ದ: ವರ್ಷಕ್ಕೆ ಎಷ್ಟು ಎಕ್ಸ್ ಚಿತ್ರ, ಶನಿವಾರಕ್ಕೆ ಎಷ್ಟು ಮಿಠಾಯಿ, ಸಮುದ್ರದ ಪಕ್ಕದ ದಾರಿಯಲ್ಲಿ ಒಟ್ಟು ಎಷ್ಟು ಲಂಚ ತಾನೇ ಚೀಪಿ ನುಂಗಿದ್ದು.

“ಇದನ್ನ ಕಾಗದದ ಮೇಲೆ ತೆಗೆಸ್ಬಹುದಾ?” ಎಂದು ಕೇಳಿದ.

“ಬೋರ್ಡಿಗಾ? ನಿಮ್ಮ ಹೆಸರಿನ ಕೆಳಗೆ ಅಲ್ಲೇನು ಬರೆದಿದೆ ಗೊತ್ತಲ್ಲ ಸಾರ್?”

“ಗೊತ್ತು,” ಎಂದ ಸಿರಿಲ್. “ಬಸ್ ಪಾಸಿನಲ್ಲಿ ಅವಳು ನಗ್ತಿಲ್ಲ.”

ಔಷಧಿ ಅಂಗಡಿಯಲ್ಲಿದ್ದ ಫೋಟೋ ಯಂತ್ರದಲ್ಲಿ ಚಿತ್ರವನ್ನು ತಟ್ಟೆಯಗಲಕ್ಕೆ ಮುದ್ರಿಸಿಕೊಂಡು ಅವರಿಬ್ಬರೂ ಸಭಾಂಗಣಕ್ಕೆ ಬಂದಾಗ ಗಂಟೆ ಮೂರು ಇಪ್ಪತ್ತೈದು. ಸಿರಿಲ್ ತಾನೇ ಖಾಲಿ ಚೌಕದಲ್ಲಿ ಅದನ್ನು ಸಿಕ್ಕಿಸಿದ. ಬೆಳಗಿನಿಂದ ಅವನ ಬಗ್ಗೆ ಏನೇನೋ ಅಂದುಕೊಂಡಿದ್ದ ಊರು ಒಬ್ಬೊಬ್ಬರಾಗಿ ಚಹಾದ ಕಪ್ಪು ಹಿಡಿದು ಬಂದು ನೋಡಿತು. ಗ್ರಂಥಾಲಯದ ಹೇಝಲ್ ಕಿವಿಯವರೆಗೆ ಕೆಂಪಾಗಿ, ಆ ಕರಪತ್ರ ವಾಪಸ್ ಕೊಡಿ ಎಂದಳು. ಆಮೇಲೆ ಜನ ಚಿತ್ರ ನೋಡಿದರು, ಕೆಳಗಿನ ಸಾಲು ಓದಿದರು, ಮತ್ತೆ ಚಿತ್ರ ನೋಡಿದರು. ಮೊದಲು ಯಾರು ನಕ್ಕರೋ ತಿಳಿಯದು. ಕೊನೆಗೆ ನಗದೆ ಉಳಿದವಳು ಮುರಿಯಲ್ ಒಬ್ಬಳೇ. ಅವಳು ಸಾಲಿನ ಮೂರನೇ ಹುಡುಗನ ಕಿವಿಗಳನ್ನು ನೋಡುತ್ತಿದ್ದಳು.

“ವಾಲ್ಟರ್.”

“ಬಸ್ ಪಾಸೇ ಚೆನ್ನಾಗಿದೆ ಅಂತ ಬೆಳಿಗ್ಗೇನೇ ಹೇಳ್ದೆ,” ಎಂದ ವಾಲ್ಟರ್.

ಆಮೇಲೆ ಅವಳ ಕಣ್ಣು ಟವೆಲ್ಲಿನ ಹೆಂಗಸಿನ ಮೇಲೆ ಬಿತ್ತು. ಅಜ್ಜಂದಿರ ಜೊತೆ ಮೊಮ್ಮಕ್ಕಳೂ ಬರತೊಡಗಿದ್ದರು. ಮೆಥಡಿಸ್ಟ್ ಸಭಾಂಗಣದಲ್ಲಿ ಇಂಥದ್ದನ್ನು ಮಕ್ಕಳ ಮುಂದೆ ಇಡುವುದು ಹೇಗೆ, ಈಗ ಕಾನೂನು ಬೇರೆ ಇದೆ. ಕತ್ತರಿ ತರಲು ಹೇಳಿದಳು. ಆದರೆ ಚಿತ್ರದಲ್ಲಿ ಡೋರೀನಳ ಜಾರಿದ ಗುಂಗುರು ಕೂದಲು ಸರಿಯಾಗಿ ಟವೆಲ್ಲಿನ ಅಂಚಿನ ಮೇಲೆ ಬಿದ್ದಿತ್ತು. ಒಂದನ್ನು ಕತ್ತರಿಸಿದರೆ ಇನ್ನೊಂದು ಉಳಿಯುತ್ತಿರಲಿಲ್ಲ. ಸಿರಿಲ್ ಕತ್ತರಿ ಬೇಡ ಎಂದ. ಅವನು ಅಷ್ಟು ಮೆಲ್ಲಗೆ ಹೇಳಿದ್ದನ್ನು ಮುರಿಯಲ್ ಹಿಂದೆ ಕೇಳಿರಲಿಲ್ಲ. ಕೊನೆಗೆ ಕ್ರಿಸ್‌ಮಸ್ ನಾಟಕದ ಕೆಂಪು ಪರದೆ ತಂದು ಬೋರ್ಡಿನ ಸುತ್ತ ಕಟ್ಟಿದರು. ಪರದೆಗೆ ಬಾಗಿಲಾಯಿತು. ಬಾಗಿಲಿಗೆ ಒಬ್ಬ ಬೇಕಾಯಿತು. ಎಲ್ಲರೂ ಸಿರಿಲ್‌ನ ಕಡೆ ನೋಡಿದರು.

ಹೀಗೆ ನಾಲ್ಕರಿಂದ ಆರರವರೆಗೆ ಸಾಲ್ಟ್‌ಬಿಯ ದೊಡ್ಡವರೆಲ್ಲ ಒಳಗೆ ಹೋಗಿ ಡೋರೀನಳನ್ನು ನೋಡಿ ಕಣ್ಣೊರೆಸಿಕೊಂಡು ಬಂದರು. ನೋಡಲಾಗದವನು ಬೆನ್ನು ಹಾಕಿ ಬಾಗಿಲಲ್ಲಿ ನಿಂತಿದ್ದ ಸಿರಿಲ್ ಒಬ್ಬನೇ. ಅಷ್ಟರಲ್ಲಿ ಮಕ್ಕಳ ಒಂದು ಗುಂಪು ಅವನ ಮುಂದೆ ಬಂದು ನಿಂತಿತು. ಅವನು ಪ್ರಶ್ನೆ ಕೇಳಿದ. ಅವರಲ್ಲಿ ಮುಕ್ಕಾಲು ಪಾಲು ಹನ್ನೊಂದರ ಪರೀಕ್ಷೆಯನ್ನು ಇನ್ನೂ ಬರೆದೇ ಇರಲಿಲ್ಲ. ಬೆರಳು ಕೇಕಿನ ಮೇಜಿನ ಕಡೆ ತಿರುಗಿತು. ಮಕ್ಕಳು ಬೈಸಿಕೊಂಡ ಮುಖದಲ್ಲಿ, ಆದರೆ ಬಹಳ ಬೇಸರವೇನೂ ಇಲ್ಲದೆ, ಮೂಲೆ ತಿರುಗಿ ಮಾಯವಾದರು.

ಸ್ವಲ್ಪ ಹೊತ್ತಿಗೆ ಪರದೆಯ ಪಕ್ಕದ ಅಂಚು ಸರಿದ ಸದ್ದಾಯಿತು. ವಾಲ್ಟರ್‌ನ ಕೆಮ್ಮು ಕೇಳಿಸಿತು, ಕಾಗದದ ಚೀಲದ ಸರಸರ, ನೆವಿಲ್‌ನ ಪಿಸುಮಾತು: ತಲೆಗೊಂದು, ಸಾಲಿನಲ್ಲಿ ಬನ್ನಿ. ಉಗುರುಬಣ್ಣದಂಥ ತೀಕ್ಷ್ಣ ವಾಸನೆ ಪರದೆ ದಾಟಿ ಬಂತು.

“ಎಲ್ಲಿ? ಏನೂ ಇಲ್ವಲ್ಲ,” ಎಂದಿತು ಒಂದು ಚಿಕ್ಕ ದನಿ. ಇನ್ನೊಂದು ಕೇಳಿತು, “ಈ ಅಕ್ಕ ಯಾಕೆ ಇಷ್ಟು ನಗ್ತಿದಾಳೆ?”

ಸಿರಿಲ್ ತಿರುಗಲಿಲ್ಲ. ಒಂದು ಕೈಯನ್ನು ಮಾತ್ರ ಬೆನ್ನ ಹಿಂದಕ್ಕೆ ಚಾಚಿದ. ಅಂಗೈ ಮೇಲೆ ಅಂಟಂಟಾದದ್ದೇನೋ ಬಿತ್ತು. ಅದನ್ನು ಬಾಯಿಗೆ ಹಾಕಿಕೊಂಡು, ಫೋಟೋದಲ್ಲಿದ್ದ ಹಾಗೆಯೇ, ಅವನು ನೇರ ಮುಂದೆ ನೋಡಿದ.